ಪೇಟೆಂಟ್ ಮಾರಿದ ಹಣಕ್ಕೆ ಪ್ರೋನೋಟ್ ಬರೆಸಿಕೊಳ್ಳಬಹುದಾ? ಕಾನೂನು ಗೊತ್ತಿರುವವರು ಹೇಳಿ

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಸೋದರಮಾವ ತೀರ್ಥಹಳ್ಳಿ ಹತ್ತಿರ ಒಂದು ಚಿಕ್ಕ ವರ್ಕ್‌ಶಾಪ್ ಇಟ್ಟುಕೊಂಡಿದ್ದಾರೆ. ಹಸಿ ಅಡಿಕೆ ಸುಲಿಯುವ ಯಂತ್ರದಲ್ಲಿ ಕಾಯಿಯ ಗಾತ್ರಕ್ಕೆ ಬ್ಲೇಡು ತಾನಾಗಿಯೇ ಹೊಂದಿಕೊಳ್ಳುವ ಹಾಗೆ ಒಂದು ಸ್ಪ್ರಿಂಗ್ ಜೋಡಣೆ ಮಾಡಿದ್ದರು. ಅದಕ್ಕೆ ಪೇಟೆಂಟ್ ಸಿಕ್ಕಿದೆ. ಈಗ ಊರಾಚೆಯ ಒಬ್ಬ ಯಂತ್ರ ತಯಾರಕರು ಆ ಪೇಟೆಂಟನ್ನೇ ಪೂರ್ತಿ ಕೊಂಡುಕೊಳ್ಳುತ್ತೇವೆ ಅಂತ ಬಂದಿದ್ದಾರೆ. ಒಟ್ಟು 10 ಲಕ್ಷ. 2 ಲಕ್ಷ ಈಗ ಬ್ಯಾಂಕಿಗೆ ಹಾಕುತ್ತಾರಂತೆ. ಉಳಿದ 8 ಲಕ್ಷಕ್ಕೆ ಪ್ರೋನೋಟ್ (ಇಷ್ಟು ಹಣ ಕೊಡುತ್ತೇನೆ ಅಂತ ಸಹಿ ಹಾಕಿದ ಕಾಗದ) ಬರೆದುಕೊಡುತ್ತಾರಂತೆ. "ಮೂರು ವರ್ಷ ಟೈಮ್ ಕೊಡಿ, ಯಂತ್ರ ಮಾರಿ ತೀರಿಸುತ್ತೇವೆ" ಅಂತ ಬಾಯಿಮಾತಲ್ಲಿ ಹೇಳಿದ್ದಾರೆ.

ಅವರು ತಂದಿದ್ದು ಸ್ಟೇಷನರಿ ಅಂಗಡಿಯ ಅಚ್ಚಿನ ಫಾರಂ. "ಈ ದಿನ ತಮ್ಮಿಂದ ನನ್ನ ಸಂಸಾರದ ಖರ್ಚಿಗಾಗಿ ನಗದಾಗಿ ಪಡೆದಿರುವ ಮೊಬಲಗು ರೂ." ಅಂತ ಶುರುವಾಗುತ್ತದೆ. ಕೆಳಗೆ ಸ್ಟಾಂಪ್ ಅಂಟಿಸಲು ಒಂದು ಚೌಕ. ಬರುವ ಭಾನುವಾರ ಎರಡೂ ಕಡೆ ಸಹಿ ಅಂತ ಮಾವ ಒಪ್ಪಿಬಿಟ್ಟಿದ್ದಾರೆ. ನನಗೆ ಯಾಕೋ ಸಮಾಧಾನ ಇಲ್ಲ. ಇದು ನಡೆಯುತ್ತದಾ? ಏನೇನು ನೋಡಬೇಕು?

ಹೊಸಮನಿ_ಟ್ರೇಡರ್ಸ್
ಚೆಕ್ ತಗೊಳ್ಳಿ. ಪ್ರೋನೋಟ್ ಬೇಡವೇ ಬೇಡ.

ಕಡೂರು_ಕಿರಣ
ಪ್ರೋನೋಟ್ ಅಂದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಆಗಬೇಕು. ಇಲ್ಲಾಂದ್ರೆ ಬೆಲೆ ಇಲ್ಲ. ನಮ್ಮ ಚಿಕ್ಕಪ್ಪನಿಗೆ ಹಾಗೇ ಆಗಿತ್ತು.

ವಕೀಲೆ_ಧಾರವಾಡ
ಕಿರಣ ಅವರೇ, ಅದು ತಪ್ಪು. ಪ್ರೋನೋಟಿಗೆ ನೋಂದಣಿ ಬೇಕಾಗಿಲ್ಲ. ನಿಮ್ಮ ಚಿಕ್ಕಪ್ಪನ ಕಾಗದ ಬಹುಶಃ ಬೇರೆ ಏನೋ ಇರಬೇಕು.

ತುಂಗಾತೀರ ಅವರೇ, ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ನಿಮ್ಮ ಮಾವನ ಮುಂದೆ ಇರುವುದು ಒಂದು ಕಾಗದ ಅಲ್ಲ, ಎರಡು. ಹಣದ ಕಾಗದ ಒಂದು, ಹಕ್ಕಿನ ಕಾಗದ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಕಾಯ್ದೆ.

ಹಣದ ಕಾಗದಕ್ಕೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ. ಅದರ ಸೆಕ್ಷನ್ 4 ಕೇಳುವುದು ಇಷ್ಟು: ಬರವಣಿಗೆಯಲ್ಲಿ ಇರಬೇಕು, ಕೊಡುವವನ ಸಹಿ ಇರಬೇಕು, ಮೊತ್ತ ಖಚಿತವಾಗಿರಬೇಕು, ಯಾರಿಗೆ ಅಂತ ಗೊತ್ತಾಗಬೇಕು, ಮತ್ತು "ಕೊಡುತ್ತೇನೆ" ಅನ್ನುವ ಮಾತಿಗೆ ಯಾವ ಷರತ್ತೂ ಇರಬಾರದು.

ಹಕ್ಕಿನ ಕಾಗದಕ್ಕೆ 1970ರ ಪೇಟೆಂಟ್ ಕಾಯ್ದೆ. ಸೆಕ್ಷನ್ 68ರ ಪ್ರಕಾರ ಪೇಟೆಂಟ್ ವರ್ಗಾವಣೆ ಬಾಯಿಮಾತಲ್ಲಿ ಆಗಲ್ಲ. ಇಬ್ಬರ ನಡುವಿನ ಎಲ್ಲ ಕರಾರುಗಳೂ ಒಂದು ಪತ್ರದಲ್ಲಿ ಬರೆದು ಸಹಿ ಆಗಿರಬೇಕು. ಆಮೇಲೆ ಕೊಂಡವರು ಫಾರಂ 16ರಲ್ಲಿ ಅರ್ಜಿ ಹಾಕಿ ಪೇಟೆಂಟ್ ರಿಜಿಸ್ಟರಿನಲ್ಲಿ ಹೆಸರು ಸೇರಿಸಬೇಕು. ನಮ್ಮ ರಾಜ್ಯಕ್ಕೆ ಚೆನ್ನೈ ಕಚೇರಿ. ರಿಜಿಸ್ಟರಿನಲ್ಲಿ ಸೇರದ ಪತ್ರವನ್ನು ಮಾಲೀಕತ್ವಕ್ಕೆ ಸಾಕ್ಷಿ ಅಂತ ಕೋರ್ಟು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದು ಸೆಕ್ಷನ್ 69.

ನಿಮ್ಮ ಪೋಸ್ಟಿನಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು "ಮೂರು ವರ್ಷ ಟೈಮ್" ಅನ್ನುವ ಮಾತು. ಆ ಅಚ್ಚಿನ ಫಾರಂನಲ್ಲಿ "ತಾವು ಕೇಳಿದ ಕೂಡಲೇ" ಅಂತ ಇದೆಯಾ ನೋಡಿ ಹೇಳಿ.

ತುಂಗಾತೀರ
ಹೌದು ಮೇಡಂ. "ತಾವು ಅಥವಾ ತಮ್ಮ ಆದೇಶ ಪಡೆದವರು ಕೇಳಿದ ಕೂಡಲೇ ಬಡ್ಡಿ ಸಮೇತ ಸಲ್ಲಿಸುತ್ತೇನೆ" ಅಂತ ಇದೆ. ಬಡ್ಡಿಯ ಜಾಗ ಖಾಲಿ ಇದೆ.

ವಕೀಲೆ_ಧಾರವಾಡ
ಹಾಗಾದರೆ ಭಾನುವಾರ ಸಹಿ ಬೇಡ. ಕಾರಣ ಹೇಳುತ್ತೇನೆ.

ಕೇಳಿದ ಕೂಡಲೇ ಕೊಡುವ ಪ್ರೋನೋಟಿಗೆ ದಾವಾ ಹಾಕಲು ಮೂರು ವರ್ಷ ಅವಧಿ. ಆ ಮೂರು ವರ್ಷ ಶುರುವಾಗುವುದು ನೀವು ಹಣ ಕೇಳಿದ ದಿನದಿಂದ ಅಲ್ಲ, ಪ್ರೋನೋಟಿನ ತಾರೀಖಿನಿಂದ. ಲಿಮಿಟೇಷನ್ ಕಾಯ್ದೆಯ 35ನೇ ಆರ್ಟಿಕಲ್ ನೋಡಿ. ಅಂದರೆ ಮಾವ ಮಾತಿಗೆ ಬೆಲೆ ಕೊಟ್ಟು ಮೂರು ವರ್ಷ ಸುಮ್ನೆ ಕೂತರೆ, ಅವರು ಹಣ ಕೇಳುವ ಹೊತ್ತಿಗೆ ಕಾಗದದ ಅವಧಿ ಮುಗಿದಿರುತ್ತದೆ. ಮೂರು ವರ್ಷ ಅಂತ ಅವರು ಬೇಕೆಂದೇ ಹೇಳಿದರೋ ತಿಳಿಯದೆ ಹೇಳಿದರೋ ಗೊತ್ತಿಲ್ಲ. ನಷ್ಟ ಮಾತ್ರ ನಿಮ್ಮ ಮಾವನಿಗೆ.

ಬಡ್ಡಿಯ ಜಾಗವನ್ನೂ ಖಾಲಿ ಬಿಡಬೇಡಿ. ದರ ಬರೆಯದೇ ಇದ್ದರೆ 1881ರ ಕಾಯ್ದೆಯ ಸೆಕ್ಷನ್ 80 ಪ್ರಕಾರ ವರ್ಷಕ್ಕೆ ಶೇ. 18 ಅಂತ ಲೆಕ್ಕ. ನಿಮಗೆ ಅದು ಲಾಭವೇ. ಆದರೆ ಖಾಲಿ ಜಾಗ ಇದ್ದರೆ ಮುಂದೆ ಯಾರು ತುಂಬಿದರು ಅನ್ನುವ ಜಗಳ ಶುರುವಾಗುತ್ತದೆ. ಸಹಿ ಆದಮೇಲೆ ಯಾರಾದರೂ ಅಂಕಿ ತಿದ್ದಿದರೆ ಕಾಗದವೇ ಕೆಡುತ್ತದೆ.

ಗಂಗಾವತಿ_ಹುಡುಗ
ಅಯ್ಯೋ, ಈ ಮೂರು ವರ್ಷದ ವಿಷಯ ನನಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಂದು ಇದೆ, ಈಗಲೇ ತಾರೀಖು ನೋಡ್ತೀನಿ.

ನಿವೃತ್ತ_ಬ್ಯಾಂಕ್_ಮ್ಯಾನೇಜರ್
ನಾನು 34 ವರ್ಷ ಸಾಲದ ಕಾಗದಗಳ ಮಧ್ಯೆಯೇ ಇದ್ದವನು. ವಕೀಲರು ಹೇಳಿದ್ದು ಸರಿ. ಸ್ಟಾಂಪಿನ ಬಗ್ಗೆ ನಾನು ಸೇರಿಸುತ್ತೇನೆ.

ಕೇಳಿದ ಕೂಡಲೇ ಕೊಡುವ ಪ್ರೋನೋಟಿಗೆ ಸ್ಟಾಂಪ್ ಶುಲ್ಕ ತೀರಾ ಕಡಿಮೆ. 1000 ರೂಪಾಯಿ ಮೀರಿದ ಮೊತ್ತಕ್ಕೆ 25 ಪೈಸೆ. 8 ಲಕ್ಷಕ್ಕೂ ಅಷ್ಟೇ. ಎಲ್ಲರೂ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸುತ್ತಾರೆ, ಜಾಸ್ತಿ ಇದ್ದರೆ ತೊಂದರೆ ಇಲ್ಲ. ಆದರೆ ಅದನ್ನು ಸಹಿ ಮಾಡುವ ಮೊದಲು ಅಥವಾ ಸಹಿ ಮಾಡುವಾಗಲೇ ಅಂಟಿಸಬೇಕು. ಮತ್ತು ಅದನ್ನು ಇನ್ನೊಮ್ಮೆ ಬಳಸಲು ಆಗದ ಹಾಗೆ ರದ್ದು ಮಾಡಬೇಕು. ಅದಕ್ಕೇ ಸಹಿಯನ್ನು ಸ್ಟಾಂಪಿನ ಮೇಲೆ ಹಾಯುವಂತೆ ಹಾಕಿಸುವುದು.

ನಮ್ಮ ಶಾಖೆಯಲ್ಲಿ ಒಂದು ಸಲ ಆಗಿದ್ದು ಹೇಳುತ್ತೇನೆ. ಅವಸರದಲ್ಲಿ ಸಾಲಗಾರ ಸ್ಟಾಂಪಿನ ಪಕ್ಕದಲ್ಲಿ ಸಹಿ ಹಾಕಿದ್ದ. ಸಹಿಯ ಬಾಲ ಸ್ಟಾಂಪಿನ ಅಂಚಿಗೂ ತಾಗಿರಲಿಲ್ಲ. ಗುಮಾಸ್ತರು ನೋಡಲಿಲ್ಲ, ನಾನೂ ನೋಡಲಿಲ್ಲ. ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಆ ಕಾಗದವನ್ನು ಬೆಳಕಿಗೆ ಹಿಡಿದು "ಸ್ಟಾಂಪ್ ರದ್ದಾಗಿಲ್ಲ" ಅಂದರು. ರದ್ದಾಗದ ಸ್ಟಾಂಪ್ ಅಂದರೆ ಸ್ಟಾಂಪೇ ಇಲ್ಲದ ಹಾಗೆ. ಬೇರೆ ಕಾಗದ ಆಗಿದ್ದರೆ ದಂಡ ಕಟ್ಟಿ ಸಾಕ್ಷ್ಯಕ್ಕೆ ತರಬಹುದು. ಪ್ರೋನೋಟಿಗೆ ಆ ದಾರಿ ಇಲ್ಲ. ಸ್ಟಾಂಪ್ ಕಾಯ್ದೆಯ ಸೆಕ್ಷನ್ 35 ಪ್ರೋನೋಟನ್ನು ಆ ಅನುಕೂಲದಿಂದ ಹೊರಗಿಟ್ಟಿದೆ. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು. "ಒಂದು ವರ್ಷದ ನಂತರ ಕೊಡುತ್ತೇನೆ" ಅಂತ ವಾಯಿದೆ ಹಾಕಿದರೆ ಅದು ಕೇಳಿದ ಕೂಡಲೇ ಕೊಡುವ ನೋಟು ಅಲ್ಲ. ಆಗ ಶುಲ್ಕ ಮೊತ್ತಕ್ಕೆ ತಕ್ಕ ಹಾಗೆ ಏರುತ್ತದೆ. ಅಂಟಿಸುವ 1 ರೂಪಾಯಿ ಸ್ಟಾಂಪ್ ಸಾಲದು.

ಹೊಸಮನಿ_ಟ್ರೇಡರ್ಸ್
ಅದಕ್ಕೇ ಹೇಳಿದ್ದು ಚೆಕ್ ಅಂತ. ಬೌನ್ಸ್ ಆದ್ರೆ ಸೆಕ್ಷನ್ 138ರ ಕ್ರಿಮಿನಲ್ ಕೇಸು. ಪ್ರೋನೋಟಿಗೆ 138 ಬರಲ್ಲ.

ವಕೀಲೆ_ಧಾರವಾಡ
ಅದು ಸರಿ, 138 ಚೆಕ್ಕಿಗೆ ಮಾತ್ರ. ಆದರೆ ಚೆಕ್ಕಿನ ಆಯಸ್ಸು ಅದರ ತಾರೀಖಿನಿಂದ ಮೂರು ತಿಂಗಳು. ವಾಪಸ್ ಬಂದರೆ 30 ದಿನದೊಳಗೆ ನೋಟಿಸ್ ಕೊಡಬೇಕು, ಅವರಿಗೆ ನೋಟಿಸ್ ತಲುಪಿದ ಮೇಲೆ 15 ದಿನ ಕಾಯಬೇಕು, ಆಮೇಲೆ ಒಂದು ತಿಂಗಳಲ್ಲಿ ದೂರು. ಒಂದು ಹೆಜ್ಜೆ ತಪ್ಪಿದರೂ ಕಷ್ಟ. ಪ್ರೋನೋಟಿಗೂ ಒಂದು ಬಲ ಇದೆ. ಸಿವಿಲ್ ಪ್ರೊಸೀಜರ್ ಕೋಡಿನ 37ನೇ ಆರ್ಡರಿನಲ್ಲಿ ಸಮ್ಮರಿ ದಾವಾ ಹಾಕಬಹುದು. ಅದರಲ್ಲಿ ಎದುರಾಳಿ ಕೋರ್ಟಿನ ಅನುಮತಿ ಇಲ್ಲದೆ ವಾದವನ್ನೇ ಹೂಡುವ ಹಾಗಿಲ್ಲ. ಎರಡನ್ನೂ ತಗೊಳ್ಳುವವರು ಇದ್ದಾರೆ. ತಪ್ಪೇನಿಲ್ಲ.

ಶಿರಸಿ_ಹೆಗಡೆ
ಸಾಕ್ಷಿ ಸಹಿ ಎಷ್ಟು ಬೇಕು? ನಮ್ಮಲ್ಲಿ ಇಬ್ಬರದ್ದು ಹಾಕಿಸುತ್ತೇವೆ.

ನಿವೃತ್ತ_ಬ್ಯಾಂಕ್_ಮ್ಯಾನೇಜರ್
ಬೇಕಾಗಿಯೇ ಇಲ್ಲ. ನಾವು ಬ್ಯಾಂಕಿನಲ್ಲಿ ಯಾವತ್ತೂ ಹಾಕಿಸಿಲ್ಲ.

ಶಿರಸಿ_ಹೆಗಡೆ
ಸಾಕ್ಷಿ ಇಲ್ಲದಿದ್ದರೆ ನಾಳೆ "ಇದು ನನ್ನ ಸಹಿಯೇ ಅಲ್ಲ" ಅಂದರೆ ಏನು ಮಾಡುತ್ತೀರಿ ಸರ್? ಹಳ್ಳಿಯಲ್ಲಿ ಬ್ಯಾಂಕಿನ ಹಾಗೆ ದಾಖಲೆ ಇರಲ್ಲ. ಸಾಕ್ಷಿ ಇದ್ದರೆ ಒಳ್ಳೆಯದೇ ಅಲ್ವಾ?

ವಕೀಲೆ_ಧಾರವಾಡ
ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇದರಲ್ಲಿ ಒಂದು ಸಿಕ್ಕು ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಸಾಕ್ಷಿ ಸಹಿ ಇದ್ದು, "ಅಥವಾ ತಮ್ಮ ಆದೇಶ ಪಡೆದವರಿಗೆ" ಅನ್ನುವ ಮಾತು ಇಲ್ಲದಿದ್ದರೆ, ಸ್ಟಾಂಪ್ ಕಾಯ್ದೆಯ ಕಣ್ಣಲ್ಲಿ ಅದು ಬಾಂಡ್ ಆಗಿಬಿಡಬಹುದು. ಬಾಂಡ್ ಅಂದರೆ ಶುಲ್ಕವೇ ಬೇರೆ. ಆದ್ದರಿಂದ ಸಾಕ್ಷಿ ಬೇಕು ಅನ್ನುವವರು "ಆದೇಶ ಪಡೆದವರಿಗೆ" ಅನ್ನುವ ಮಾತನ್ನು ಬಿಡಬಾರದು. ತುಂಗಾತೀರ ಅವರ ಫಾರಂನಲ್ಲಿ ಆ ಮಾತು ಇದೆ. ಸದ್ಯ ಬಚಾವ್.

ನಿವೃತ್ತ_ಬ್ಯಾಂಕ್_ಮ್ಯಾನೇಜರ್
ಹಾಗೇ "ಇದನ್ನು ತಂದವರಿಗೆ ಕೊಡುತ್ತೇನೆ" ಅಂತ ಬರೆಯಬಾರದು. ಅಂಥ ನೋಟು ಹೊರಡಿಸುವ ಹಕ್ಕು ಇರುವುದು ರಿಸರ್ವ್ ಬ್ಯಾಂಕಿಗೆ ಮತ್ತು ಕೇಂದ್ರ ಸರ್ಕಾರಕ್ಕೆ ಮಾತ್ರ. 1934ರ ಆರ್‌ಬಿಐ ಕಾಯ್ದೆ, ಸೆಕ್ಷನ್ 31.

ಕೊಪ್ಪ_ಕಾಫಿ
ವಿಷಯ ಬಿಟ್ಟು ಕೇಳ್ತಿದ್ದೀನಿ, ಕ್ಷಮಿಸಿ. ಆ ಯಂತ್ರ ಗೋಟಡಿಕೆಗೂ ಆಗುತ್ತಾ? ಗಂಟೆಗೆ ಎಷ್ಟು ಸುಲಿಯುತ್ತೆ? ನಮ್ಮಲ್ಲಿ ಸುಲಿಯುವ ಜನ ಸಿಗ್ತಿಲ್ಲ.

ತುಂಗಾತೀರ
ಕೊಪ್ಪದವರೇ, ಹಸಿ ಅಡಿಕೆಗೆ ಮಾತ್ರ. ಒಣಗಿದ ಗೋಟಿಗೆ ಬ್ಲೇಡು ಜಾರುತ್ತದೆ ಅಂತ ಮಾವನೇ ಹೇಳುತ್ತಾರೆ. ಕಾಯಿಗೆ ಗಾಯ ಆಗುವುದು ಕಡಿಮೆ, ಅದೇ ಅದರ ಹೆಚ್ಚುಗಾರಿಕೆ.

ಮೇಡಂ, ಈಗ ಫೋನ್ ಮಾಡಿದ್ದೆ. ಮೂರು ವರ್ಷದ ವಿಷಯ ಹೇಳಿದ ಮೇಲೆ ಅವರು ಇನ್ನೊಂದು ದಾರಿ ಹೇಳಿದರು. "ಪೇಟೆಂಟ್ ನಮ್ಮ ಹೆಸರಿಗೆ ರಿಜಿಸ್ಟರ್ ಆದಮೇಲೆ ಕೊಡುತ್ತೇವೆ" ಅಂತ ಪ್ರೋನೋಟಿನಲ್ಲೇ ಬರೆಯೋಣ ಅಂತ. ಇದು ನ್ಯಾಯ ಅನ್ನಿಸಿತು ನನಗೆ.

ವಕೀಲೆ_ಧಾರವಾಡ
ನ್ಯಾಯ ಇರಬಹುದು, ಆದರೆ ಹಾಗೆ ಬರೆದರೆ ಅದು ಪ್ರೋನೋಟ್ ಆಗಿ ಉಳಿಯಲ್ಲ. "ಇಂಥದ್ದು ಆದರೆ ಕೊಡುತ್ತೇನೆ" ಅನ್ನುವುದು ಷರತ್ತು. 1881ರ ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ. ನನ್ನ ಮದುವೆ ಇಂಥವರ ಜೊತೆ ಆಗಿ ಏಳು ದಿನಕ್ಕೆ 500 ರೂಪಾಯಿ ಕೊಡುತ್ತೇನೆ ಅಂತ ಬರೆದರೆ ಅದು ಪ್ರೋನೋಟ್ ಅಲ್ಲ. ಮದುವೆ ಆಗಬಹುದು, ಆಗದೇ ಇರಬಹುದು. ಚೆನ್ನೈ ಕಚೇರಿ ಹೆಸರು ಸೇರಿಸುವುದೂ ಹಾಗೇ.

ಆದರೆ ಯಾವುದಕ್ಕಾಗಿ ಈ ಹಣ ಅಂತ ಬರೆಯುವುದು ಷರತ್ತಲ್ಲ. ವ್ಯತ್ಯಾಸ ನೋಡಿ:

"ಪೇಟೆಂಟ್ ಸಂಖ್ಯೆ ಇಂಥದ್ದರ ಪೂರ್ಣ ಹಕ್ಕನ್ನು ಇಂಥ ತಾರೀಖಿನ ವರ್ಗಾವಣೆ ಪತ್ರದ ಮೂಲಕ ಪಡೆದ ಬಾಬ್ತು" ಅಂತ ಬರೆದರೆ ಸರಿ.

"ವರ್ಗಾವಣೆ ಪತ್ರದ ಷರತ್ತುಗಳಿಗೆ ಒಳಪಟ್ಟು" ಅಂತ ಬರೆದರೆ ಕೆಟ್ಟಿತು.

ಆ "ಸಂಸಾರದ ಖರ್ಚಿಗಾಗಿ ನಗದಾಗಿ ಪಡೆದ" ಅನ್ನುವ ಸಾಲನ್ನು ಮಾತ್ರ ದಯವಿಟ್ಟು ತೆಗೆಸಿ. ಪ್ರೋನೋಟ್ ಇದ್ದರೆ ಅದಕ್ಕೆ ಪ್ರತಿಫಲ, ಅಂದರೆ ಬದಲಿಗೆ ಏನೋ ಒಂದು ಬೆಲೆ, ಸಂದಿದೆ ಅಂತ ಕೋರ್ಟು ಮೊದಲು ನಂಬುತ್ತದೆ. ಅದು ಸೆಕ್ಷನ್ 118 ಕೊಡುವ ರಕ್ಷಣೆ. ಕಾಗದದಲ್ಲಿ ನಗದು ಅಂತ ಇದ್ದು, ಕಟಕಟೆಯಲ್ಲಿ ನಿಂತು ಮಾವ "ನಗದು ಕೊಟ್ಟಿಲ್ಲ, ಪೇಟೆಂಟ್ ಕೊಟ್ಟೆ" ಅಂದರೆ ಆ ನಂಬಿಕೆ ಅಲ್ಲೇ ಅಲುಗಾಡುತ್ತದೆ. ನಿಜ ಏನೋ ಅದನ್ನೇ ಬರೆಸಿ. ಅಂಗಡಿ ಫಾರಂ ಬಿಡಿ, ಬಿಳಿ ಹಾಳೆಯಲ್ಲಿ ಕೈಯಲ್ಲೇ ಬರೆಯಿರಿ.

ಸುಮ_ತುಮಕೂರು
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಕೊಂಡ ಕಡೆಯವಳು. ನನ್ನ ಕಥೆಯನ್ನೂ ಕೇಳಿ.

ಕೊರೊನಾಕ್ಕೆ ಮುಂಚೆ ನಾನು ಮತ್ತು ನನ್ನ ಯಜಮಾನರು ಹುಣಸೆ ಬೀಜ ಬಿಡಿಸುವ ಯಂತ್ರದ ಪೇಟೆಂಟ್ ಕೊಂಡೆವು. 6 ಲಕ್ಷಕ್ಕೆ ಮಾತಾಯಿತು. 2 ಲಕ್ಷ ಕೊಟ್ಟೆವು, 4 ಲಕ್ಷಕ್ಕೆ ಒಂದು ವರ್ಷದ ಪ್ರೋನೋಟ್. ಮಾರಿದವರು ಸರ್ಟಿಫಿಕೇಟಿನ ಕಲರ್ ಪ್ರಿಂಟು ತೋರಿಸಿದರು. ಸರ್ಕಾರದ ಮುದ್ರೆ ಇತ್ತು. ನಾವು ಅದನ್ನೇ ನಂಬಿದೆವು.

ಆರು ತಿಂಗಳ ಮೇಲೆ ಬೇರೆಯವರು ಅದೇ ಯಂತ್ರ ಮಾಡುತ್ತಿದ್ದಾರೆ ಅಂತ ನೋಟಿಸ್ ಕಳಿಸಲು ಹೊರಟೆವು. ಆಗ ಗೊತ್ತಾಯಿತು, ವಾರ್ಷಿಕ ಶುಲ್ಕ ಕಟ್ಟದೆ ಪೇಟೆಂಟ್ ಎರಡು ವರ್ಷದ ಹಿಂದೆಯೇ ಬಿದ್ದುಹೋಗಿದೆ. ವ್ಯಕ್ತಿಗಳಿಗೆ ಮೂರರಿಂದ ಆರನೇ ವರ್ಷದವರೆಗೆ ವರ್ಷಕ್ಕೆ ಬರೀ 800 ರೂಪಾಯಿ ಶುಲ್ಕ. ಆ 800 ಕಟ್ಟಿರಲಿಲ್ಲ. ಬಿದ್ದ ದಿನದಿಂದ 18 ತಿಂಗಳೊಳಗೆ ಅರ್ಜಿ ಹಾಕಿದ್ದರೆ ಮತ್ತೆ ಎಬ್ಬಿಸಬಹುದಿತ್ತಂತೆ. ಆ ಕಾಲವೂ ದಾಟಿತ್ತು. ನಾವು ಕೊಂಡಿದ್ದು ಒಂದು ಕಾಗದದ ಚೂರು.

ಹಣ ಕೊಡಲ್ಲ ಅಂತ ಹೇಳಿದೆವು. ಅಷ್ಟರಲ್ಲಿ ಅವರು ನಮ್ಮ ಪ್ರೋನೋಟಿನ ಹಿಂದೆ ಸಹಿ ಮಾಡಿ ಒಬ್ಬ ಫೈನಾನ್ಸಿನವರಿಗೆ ಕೊಟ್ಟು ದುಡ್ಡು ಎತ್ತಿಕೊಂಡಾಗಿತ್ತು. ಫೈನಾನ್ಸಿನವರು ದಾವಾ ಹಾಕಿದರು. "ನಿಮ್ಮ ಪೇಟೆಂಟ್ ಜಗಳ ನನಗೆ ಗೊತ್ತಿಲ್ಲ, ನಾನು ದುಡ್ಡು ಕೊಟ್ಟು ನೋಟು ತಗೊಂಡಿದ್ದೇನೆ" ಅಂದರು. ನೋಟಿನಲ್ಲಿ ಪೇಟೆಂಟ್ ಅನ್ನುವ ಪದವೇ ಇರಲಿಲ್ಲ, ಅದರಲ್ಲೂ ನಗದು ಅಂತಲೇ ಇತ್ತು. ವಾದ ಮಾಡಬೇಕಾದರೆ ಅರ್ಧ ಹಣ ಠೇವಣಿ ಇಡಿ ಅಂತ ಆದೇಶ ಆಯಿತು. ಕಡೆಗೆ ಮೂರೂಕಾಲು ಲಕ್ಷಕ್ಕೆ ರಾಜಿ ಮಾಡಿಕೊಂಡೆವು. ಬಳೆ ಮಾರಿದೆ.

ಕಡೂರು_ಕಿರಣ
ಪೇಟೆಂಟ್ ಆಫೀಸಿನ ಸೈಟಿನಲ್ಲಿ ನೋಡಿದ್ದರೆ ಗೊತ್ತಾಗುತ್ತಿತ್ತಲ್ಲ ಅಕ್ಕಾ. ಎರಡು ನಿಮಿಷದ ಕೆಲಸ.

ಸುಮ_ತುಮಕೂರು
ಗೊತ್ತಿದ್ದವರಿಗೆ ಎರಡು ನಿಮಿಷ ತಮ್ಮಾ. ನಮಗೆ ಅಂಥ ಸೈಟ್ ಇದೆ ಅನ್ನುವುದೇ ಗೊತ್ತಿರಲಿಲ್ಲ. ಅದಕ್ಕೇ ಇಲ್ಲಿ ಬರೆದೆ.

ನಿವೃತ್ತ_ಬ್ಯಾಂಕ್_ಮ್ಯಾನೇಜರ್
ಸುಮ ಅವರೇ, ಓದಿ ಸಂಕಟ ಆಯಿತು. ಒಂದು ಕೇಳುತ್ತೇನೆ. ಒಂದು ವರ್ಷದ ವಾಯಿದೆ ನೋಟು ಅಂದಿರಿ. ಅದರ ಮೇಲೆ ಯಾವ ಸ್ಟಾಂಪ್ ಇತ್ತು?

ಸುಮ_ತುಮಕೂರು
1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಸರ್. ಒಂದೇ.

ವಕೀಲೆ_ಧಾರವಾಡ
ಸುಮಕ್ಕಾ, ಇದನ್ನು ಈಗ ಹೇಳುವುದಕ್ಕೆ ನನಗೇ ಬೇಜಾರು. ವಾಯಿದೆ ನೋಟಿಗೆ ಅದು ಸಾಲುತ್ತಿರಲಿಲ್ಲ. ವಾದಕ್ಕೆ ಅನುಮತಿ ಕೇಳುವಾಗಲೇ ಈ ಮಾತು ಎತ್ತಿದ್ದರೆ ನಿಮ್ಮ ಕೈ ಗಟ್ಟಿ ಇರುತ್ತಿತ್ತು. ಕಾಗದ ಒಮ್ಮೆ ಸಾಕ್ಷ್ಯವಾಗಿ ದಾಖಲಾದರೆ ಆಮೇಲೆ ಸ್ಟಾಂಪಿನ ತಕರಾರು ನಡೆಯಲ್ಲ. ಮೊದಲೇ ಹೇಳಬೇಕು. ರಾಜಿ ಆಗಿರುವುದರಿಂದ ಈಗ ತೆರೆಯುವುದು ಕಷ್ಟ.

ಉಳಿದವರಿಗೆ: ಮಾರಿದವನೇ ದಾವಾ ಹಾಕಿದ್ದರೆ ಸುಮಕ್ಕ "ಕೊಟ್ಟದ್ದು ಸತ್ತ ಪೇಟೆಂಟ್, ಪ್ರತಿಫಲವೇ ಇಲ್ಲ" ಅಂತ 1881ರ ಕಾಯ್ದೆಯ ಸೆಕ್ಷನ್ 43 ಹಿಡಿದು ನಿಲ್ಲಬಹುದಿತ್ತು. ವಾಯಿದೆಗೆ ಮುಂಚೆ, ದೋಷ ತಿಳಿಯದೆ, ಬೆಲೆ ಕೊಟ್ಟು ತಗೊಂಡ ಮೂರನೆಯವನ ಮುಂದೆ ಆ ವಾದಕ್ಕೆ ಬಲ ಇಲ್ಲ. ಪ್ರೋನೋಟ್ ಕೈ ಬದಲಾಯಿಸಿದರೆ ಜಗಳ ಹಿಂದೆ ಉಳಿಯುತ್ತದೆ, ಸಾಲ ಮಾತ್ರ ಮುಂದೆ ಹೋಗುತ್ತದೆ.

ಸುಮ_ತುಮಕೂರು
ನಮ್ಮ ವಕೀಲರು ಸ್ಟಾಂಪಿನ ಮಾತೇ ಎತ್ತಿರಲಿಲ್ಲ. ಇರಲಿ ಬಿಡಿ. ಈ ಹುಡುಗನ ಮಾವನಿಗಾದರೂ ಒಳ್ಳೆಯದಾಗಲಿ.

ಕ್ಯಾನ್ಸಸ್_ಕನ್ನಡಿಗ
ಸುಮ ಅವರ ಕಥೆ ಓದಿ ಬರೆಯಲೇಬೇಕು ಅನ್ನಿಸಿತು. ನಾನಿರುವ ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ನೂರೈವತ್ತು ವರ್ಷದ ಹಿಂದೆ ಇದೇ ನಡೆಯುತ್ತಿತ್ತು. ಹೊರಗಿನಿಂದ ಬಂದವರು ಹಳ್ಳಿ ಹಳ್ಳಿ ಸುತ್ತಿ, ಗೇಟು, ಬೇಲಿ, ಬಾವಿ ಪಂಪು, ಹೀಗೆ ಯಾವುದೋ ಪೇಟೆಂಟಿನ ಹಕ್ಕನ್ನು "ಈ ಜಿಲ್ಲೆಗೆ ನೀವೊಬ್ಬರೇ" ಅಂತ ರೈತರಿಗೆ ಮಾರುತ್ತಿದ್ದರು. ರೈತನ ಹತ್ತಿರ ನಗದು ಇರುತ್ತಿರಲಿಲ್ಲ, ನೋಟು ಬರೆಸಿಕೊಳ್ಳುತ್ತಿದ್ದರು. ಅದನ್ನು ಪಕ್ಕದ ಊರಿನ ಬ್ಯಾಂಕಿಗೆ ಕಡಿಮೆ ಬೆಲೆಗೆ ಮಾರಿ ನಾಪತ್ತೆ. ಪೇಟೆಂಟ್ ಜೊಳ್ಳು ಅಂತ ಗೊತ್ತಾಗುವ ಹೊತ್ತಿಗೆ ಬ್ಯಾಂಕು ಬಾಗಿಲಲ್ಲಿ ನಿಂತಿರುತ್ತಿತ್ತು.

ಅದಕ್ಕೆ ಹಲವು ರಾಜ್ಯಗಳು ಕಾನೂನು ಮಾಡಿದವು. ಪೇಟೆಂಟ್ ಹಕ್ಕಿಗಾಗಿ ಕೊಟ್ಟ ನೋಟಿನ ಮುಖದ ಮೇಲೇ "ಪೇಟೆಂಟ್ ಹಕ್ಕಿಗಾಗಿ ಕೊಟ್ಟದ್ದು" ಅಂತ ಬರೆಯಬೇಕು. ಕ್ಯಾನ್ಸಸ್‌ನಲ್ಲಿ ಅದರ ಜೊತೆಗೆ, ಮಾರುವವನು ಪೇಟೆಂಟಿನ ದೃಢೀಕೃತ ಪ್ರತಿಯನ್ನೂ ಪ್ರಮಾಣಪತ್ರವನ್ನೂ ಜಿಲ್ಲಾ ಕೋರ್ಟಿನ ಗುಮಾಸ್ತರಲ್ಲಿ ಮೊದಲೇ ಸಲ್ಲಿಸಬೇಕಿತ್ತು. ಆ ಸಾಲು ನೋಡಿದ ಮೇಲೂ ನೋಟು ಕೊಂಡ ಬ್ಯಾಂಕು "ನನಗೆ ಗೊತ್ತಿರಲಿಲ್ಲ" ಅನ್ನುವ ಹಾಗಿಲ್ಲ.

ಪೇಟೆಂಟ್ ಕೊಡುವುದು ಕೇಂದ್ರ, ರಾಜ್ಯಕ್ಕೆ ಇದರಲ್ಲಿ ಕೈ ಹಾಕುವ ಅಧಿಕಾರ ಎಲ್ಲಿದೆ ಅಂತ ದೊಡ್ಡ ವಾದ ನಡೆಯಿತು. ಕೆಲವು ಕೋರ್ಟುಗಳು ಇಂಥ ಕಾನೂನನ್ನು ಹೊಡೆದುಹಾಕಿದವು. ಕಡೆಗೆ 1906ರಲ್ಲಿ ಅಲೆನ್ ವಿರುದ್ಧ ರೈಲಿ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ಯಾನ್ಸಸ್ ಕಾನೂನನ್ನು ಎತ್ತಿಹಿಡಿಯಿತು. ಜನರನ್ನು ಮೋಸದಿಂದ ಕಾಪಾಡಲು ರಾಜ್ಯ ಇಷ್ಟು ಮಾಡಬಹುದು ಅಂತ. ಅದೇ ವರ್ಷ ಅರ್ಕಾನ್ಸಾ ರಾಜ್ಯದ ಇನ್ನೂ ಕಠಿಣ ಕಾನೂನೂ ನಿಂತಿತು. ಅಲ್ಲಿ ಆ ಸಾಲು ಇಲ್ಲದ ನೋಟು ಅನೂರ್ಜಿತವೇ.

ಶಿರಸಿ_ಹೆಗಡೆ
ಇದು ಹೊಸ ವಿಷಯ. ನಮ್ಮಲ್ಲಿ ಇಂಥ ಕಾನೂನು ಇದೆಯಾ ಮೇಡಂ?

ವಕೀಲೆ_ಧಾರವಾಡ
ನಮ್ಮ 1881ರ ಕಾಯ್ದೆಯಲ್ಲಿ ಅಂಥ ಕಡ್ಡಾಯ ಇಲ್ಲ. ಅದಕ್ಕೇ ಕೊಳ್ಳುವವರು ತಾವಾಗಿಯೇ ಬರೆಸಬೇಕು. ನಾನು ಮೇಲೆ ಕೊಟ್ಟ ಪೇಟೆಂಟ್ ಸಂಖ್ಯೆಯ ಸಾಲು ಆ ಕೆಲಸ ಮಾಡುತ್ತದೆ.

ಹೊಸಮನಿ_ಟ್ರೇಡರ್ಸ್
ಆದರೆ ಇಲ್ಲಿ ಕೇಳಿದವರು ಮಾರುವ ಕಡೆಯವರು! ಆ ಸಾಲು ಬರೆದರೆ ಫೈನಾನ್ಸಿನವರು ನೋಟನ್ನು ಮುಟ್ಟಲ್ಲ. ನಾಳೆ ಮಾವನಿಗೆ ಅರ್ಜೆಂಟ್ ದುಡ್ಡು ಬೇಕಾದರೆ? ಮಾರುವವನ ಕೈ ಕಟ್ಟಿದ ಹಾಗಾಗುತ್ತೆ.

ನಿವೃತ್ತ_ಬ್ಯಾಂಕ್_ಮ್ಯಾನೇಜರ್
ಹೊಸಮನಿಯವರೇ, ನಾನು ಒಪ್ಪಲ್ಲ. ನಿಜ ಬರೆದ ಕಾಗದಕ್ಕೆ ಕೋರ್ಟಿನಲ್ಲಿ ಬಲ ಜಾಸ್ತಿ. ಮಾರಾಟಕ್ಕೆ ಅನುಕೂಲ ಅಂತ ಸುಳ್ಳು ಬರೆದರೆ ಅದೇ ತಿರುಗಿ ಬೀಳುತ್ತದೆ.

ಹೊಸಮನಿ_ಟ್ರೇಡರ್ಸ್
ಸುಳ್ಳು ಬರೆಯಿರಿ ಅಂದಿಲ್ಲ ಸರ್. "ಬೆಲೆ ಸಂದಿದೆ" ಅಂತ ಮಾತ್ರ ಬರೆದರೆ ಸಾಕು ಅಂದೆ. ವ್ಯಾಪಾರದಲ್ಲಿ ನಾವೆಲ್ಲ ಹಾಗೇ ಬರೆಯೋದು.

ತುಂಗಾತೀರ
ಮಾವ ಈ ನೋಟನ್ನು ಯಾರಿಗೂ ಮಾರಲ್ಲ. ಸುಮ ಅಕ್ಕನ ಕಥೆ ಓದಿ ಹೇಳಿದೆ, "ನಾವು ಇನ್ನೊಬ್ಬರಿಗೆ ಹಾಗೆ ಮಾಡೋದು ಬೇಡ, ಪೇಟೆಂಟ್ ಅಂತಲೇ ಬರೆಯಲಿ" ಅಂದರು.

ವಕೀಲೆ_ಧಾರವಾಡ
ನಿಮ್ಮ ಮಾವ ದೊಡ್ಡ ಮನುಷ್ಯರು. ಹಾಗಾದರೆ ಬೇಕಿದ್ದರೆ "ಇದನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ" ಅಂತಲೂ ಸೇರಿಸಬಹುದು. ಆದರೆ ಎಚ್ಚರ, ಆಗ ಸಾಕ್ಷಿ ಸಹಿ ಹಾಕಿಸಬೇಡಿ. ಬಾಂಡಿನ ಸಿಕ್ಕು ಮತ್ತೆ ಬರುತ್ತದೆ.

ಇನ್ನು ಮಾರುವವರ ಕಡೆಯಿಂದ ಮುಖ್ಯವಾದ ಮಾತು. ವರ್ಗಾವಣೆ ಪತ್ರದಲ್ಲಿ "ಪೂರ್ತಿ ಹಣ ಸಂದಿದೆ" ಅಂತ ಬರೆಯಲು ಯಾವ ಕಾರಣಕ್ಕೂ ಬಿಡಬೇಡಿ. ಟೈಪಿಸ್ಟರು ಹಳೆ ಪತ್ರ ನೋಡಿ ಅಭ್ಯಾಸಬಲದಿಂದ ಆ ಸಾಲು ಹಾಕಿಬಿಡುತ್ತಾರೆ. ಬೆಲೆ 10 ಲಕ್ಷ, ಸಂದಿದ್ದು 2, ಬಾಕಿ 8, ಬಾಕಿಗೆ ಈ ತಾರೀಖಿನ ಪ್ರೋನೋಟ್, ಹೀಗೆ ಬಿಡಿಸಿ ಬರೆಯಬೇಕು. ಪ್ರೋನೋಟ್ ಯಾವುದೋ ದೋಷದಿಂದ ಕೆಟ್ಟರೂ ಆಗ ಪತ್ರದ ಮೇಲೆ ಬಾಕಿ ಕೇಳುವ ದಾರಿ ಉಳಿಯುತ್ತದೆ. ವರ್ಗಾವಣೆ ಪತ್ರಕ್ಕೆ ಕರ್ನಾಟಕ ಸ್ಟಾಂಪ್ ಕಾಯ್ದೆಯ ಶುಲ್ಕ ಬೇರೆ, ಅದನ್ನು ಮೊದಲೇ ಲೆಕ್ಕ ಹಾಕಿಸಿ.

ಕೊಳ್ಳುವವರು ಕಂಪನಿಯಾ, ಒಬ್ಬರೇ ವ್ಯಕ್ತಿಯಾ?

ತುಂಗಾತೀರ
ಪ್ರೈವೇಟ್ ಲಿಮಿಟೆಡ್ ಅಂತೆ. ಬಂದವರು ಅದರ ಡೈರೆಕ್ಟರ್.

ವಕೀಲೆ_ಧಾರವಾಡ
ಹಾಗಾದರೆ ಕಂಪನಿ ಪರವಾಗಿ ಒಂದು ಸಹಿ, ಡೈರೆಕ್ಟರ್ ಸ್ವಂತ ಹೊಣೆಯಲ್ಲಿ ಇನ್ನೊಂದು ಸಹಿ ಕೇಳಿ. ಬರೀ ಕಂಪನಿ ಪರ ಅಂತ ಸಹಿ ಹಾಕಿದರೆ, ನಾಳೆ ಕಂಪನಿ ಬರಿದಾದಾಗ ಅವರ ಸ್ವಂತ ಆಸ್ತಿಯ ಹತ್ತಿರ ಹೋಗಲು ಆಗಲ್ಲ.

ಕಡೂರು_ಕಿರಣ
ಕಂತಿನಲ್ಲಿ ಕೊಟ್ಟರೆ? ವರ್ಷಕ್ಕೆ ಇಷ್ಟು ಅಂತ.

ನಿವೃತ್ತ_ಬ್ಯಾಂಕ್_ಮ್ಯಾನೇಜರ್
ಕಂತಿನ ಪ್ರೋನೋಟ್ ಮಾಡಬಹುದು. ಒಂದೊಂದು ಕಂತಿಗೂ ಅದರ ಗಡುವಿನಿಂದ ಮೂರು ವರ್ಷದ ಲೆಕ್ಕ. "ಒಂದು ಕಂತು ತಪ್ಪಿದರೂ ಪೂರ್ತಿ ಬಾಕಿ ಒಟ್ಟಿಗೆ ಬೀಳುತ್ತದೆ" ಅಂತ ಸೇರಿಸಿದರೆ ತಪ್ಪಿದ ದಿನದಿಂದ ಲೆಕ್ಕ. ಆದರೆ ವಾಯಿದೆ ನೋಟಿನ ಸ್ಟಾಂಪ್ ಶುಲ್ಕ ಪೂರ್ತಿ ಕಟ್ಟಬೇಕು, ಅದನ್ನು ಮರೆಯಬೇಡಿ. ಕೇಳಿದ ಕೂಡಲೇ ಕೊಡುವ ನೋಟನ್ನೇ ಇಟ್ಟುಕೊಂಡರೆ, ಮೂರು ವರ್ಷ ತುಂಬುವ ಮೊದಲೇ ಸ್ವಲ್ಪವಾದರೂ ಹಣ ಪಡೆದು, ನೋಟಿನ ಹಿಂದೆ ಕೊಟ್ಟವರ ಕೈಯಲ್ಲೇ ಷರಾ ಬರೆಸಿ ತಾರೀಖು ಹಾಕಿಸಿ ಸಹಿ ಮಾಡಿಸಿ. ಅಲ್ಲಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ನೀವೇ ಬರೆದುಕೊಂಡ ಷರಾ ಉಪಯೋಗಕ್ಕೆ ಬರಲ್ಲ.

ಗಂಗಾವತಿ_ಹುಡುಗ
ನಮ್ಮ ನೋಟಿಗೆ ಇನ್ನೂ ಐದು ತಿಂಗಳು ಇದೆ. ನಾಳೆಯೇ ಷರಾ ಹಾಕಿಸುತ್ತೇನೆ. ತುಂಬಾ ಉಪಕಾರ ಆಯ್ತು.

ಕೊಪ್ಪ_ಕಾಫಿ
ನನಗೆ ಒಂದು ಅರ್ಥ ಆಗ್ತಿಲ್ಲ. ಪೂರ್ತಿ ಮಾರೋದೇ ಯಾಕೆ? 8 ಲಕ್ಷ ಬಾಕಿ ಇಟ್ಟುಕೊಂಡು ಹಕ್ಕು ಮೊದಲೇ ಕೊಟ್ಟರೆ, ದುಡ್ಡು ಬರದಿದ್ದಾಗ ಯಂತ್ರವೂ ಇಲ್ಲ, ಹಣವೂ ಇಲ್ಲ.

ವಕೀಲೆ_ಧಾರವಾಡ
ಒಳ್ಳೆಯ ಪ್ರಶ್ನೆ. ಈಗ ಲೈಸೆನ್ಸ್, ಅಂದರೆ ಪೇಟೆಂಟ್ ಬಳಸುವ ಅನುಮತಿ ಮಾತ್ರ ಕೊಡಿ, ಬೇಕಾದರೆ ಅವರೊಬ್ಬರಿಗೇ ಅಂತ ಕೊಡಿ. ಕಡೆಯ ರೂಪಾಯಿ ಬಂದ ದಿನ ಪೂರ್ಣ ವರ್ಗಾವಣೆ ಅಂತ ಕರಾರು ಮಾಡಿ. ಲೈಸೆನ್ಸನ್ನೂ ಬರವಣಿಗೆಯಲ್ಲಿ ಮಾಡಿ ರಿಜಿಸ್ಟರಿನಲ್ಲಿ ಸೇರಿಸಬೇಕು. ನನ್ನ ಕಕ್ಷಿಗಾರರಿಗೆ ನಾನು ಇದನ್ನೇ ಮೊದಲು ಹೇಳುವುದು. ಕೊಳ್ಳುವವರಿಗೂ ಅನುಕೂಲ, ಪೇಟೆಂಟ್ ಮಧ್ಯದಲ್ಲಿ ರದ್ದಾದರೆ ಪೂರ್ತಿ ಹಣ ಕೊಟ್ಟು ಕೂರಬೇಕಿಲ್ಲ. ಪೇಟೆಂಟ್ ಕೊಟ್ಟ ಮಾತ್ರಕ್ಕೆ ಅದು ಸಿಂಧು ಅಂತ ಸರ್ಕಾರ ಖಾತರಿ ಕೊಡುವುದಿಲ್ಲ, ಕಾಯ್ದೆಯಲ್ಲೇ ಹಾಗಿದೆ.

ತುಂಗಾತೀರ ಅವರೇ, ಸರ್ಟಿಫಿಕೇಟಿನಲ್ಲಿ ಪೇಟೆಂಟ್ ಯಾರ ಯಾರ ಹೆಸರಿಗೆ ಇದೆ?

ತುಂಗಾತೀರ
ಈಗ ಮಾವನ ಮನೆಯಲ್ಲೇ ಇದ್ದೇನೆ. ಸರ್ಟಿಫಿಕೇಟ್ ಗೋಡೆಗೆ ಫ್ರೇಮ್ ಹಾಕಿಸಿ ನೇತುಹಾಕಿದ್ದಾರೆ. ಕೆಳಗಿಳಿಸಿ ನೋಡಿದೆ. ಎರಡು ಹೆಸರು ಇದೆ ಮೇಡಂ. ಮಾವ, ಮತ್ತು ಡ್ರಾಯಿಂಗ್ ಮಾಡಿಕೊಟ್ಟ ಒಬ್ಬ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಅವರು ಸಹಾಯ ಮಾಡಿದ್ದಕ್ಕೆ ಹೆಸರು ಹಾಕಿಸಿದ್ದು ಅಂತಾರೆ ಮಾವ. ಮಾರುವ ವಿಷಯ ಮೇಷ್ಟ್ರಿಗೆ ಹೇಳಿಯೇ ಇಲ್ಲ.

ನಿವೃತ್ತ_ಬ್ಯಾಂಕ್_ಮ್ಯಾನೇಜರ್
ಅಯ್ಯೋ ದೇವರೇ.

ವಕೀಲೆ_ಧಾರವಾಡ
ಇಬ್ಬರು ಪೇಟೆಂಟುದಾರರಾಗಿ ಇದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಇಬ್ಬರಿಗೂ ಸಮಪಾಲು. ಒಬ್ಬರು ಇನ್ನೊಬ್ಬರ ಒಪ್ಪಿಗೆ ಇಲ್ಲದೆ ತಮ್ಮ ಪಾಲನ್ನೂ ಮಾರುವಂತಿಲ್ಲ, ಲೈಸೆನ್ಸೂ ಕೊಡುವಂತಿಲ್ಲ. ಪೇಟೆಂಟ್ ಕಾಯ್ದೆಯ ಸೆಕ್ಷನ್ 50. ಭಾನುವಾರ ಮಾವ ಒಬ್ಬರೇ ಸಹಿ ಹಾಕಿದ್ದರೆ ಕೊಂಡವರು ನಾಳೆ ಸುಮಕ್ಕನ ಜಾಗದಲ್ಲಿ ನಿಂತು "ಹಕ್ಕೇ ಸರಿಯಾಗಿ ಬಂದಿಲ್ಲ, 8 ಲಕ್ಷ ಕೊಡಲ್ಲ" ಅನ್ನುತ್ತಿದ್ದರು. ಅದರಲ್ಲಿ ತಪ್ಪೂ ಇರುತ್ತಿರಲಿಲ್ಲ.

ಮೊದಲು ಮೇಷ್ಟ್ರ ಮನೆಗೆ ಹೋಗಿ. ಕಾಗದ ಆಮೇಲೆ.

ಸುಮ_ತುಮಕೂರು
ಶುಲ್ಕ ಕಟ್ಟಿದ್ದಾರಾ ನೋಡಪ್ಪ. ಅದನ್ನು ಮಾತ್ರ ಮರೆಯಬೇಡ.

ತುಂಗಾತೀರ
ನೋಡಿದೆ ಅಕ್ಕಾ. ಪೇಟೆಂಟ್ ಆಫೀಸಿನ ಸೈಟಿನಲ್ಲಿ ನಂಬರ್ ಹಾಕಿದೆ, ಪೇಟೆಂಟ್ ಜೀವಂತ ಇದೆ. ಮುಂದಿನ ಕಂತು ಕಟ್ಟಲು ಇನ್ನು ಹತ್ತೊಂಬತ್ತು ದಿನ. ಮಾವನಿಗೆ ಅದು ನೆನಪೇ ಇರಲಿಲ್ಲ, ಇವತ್ತೇ ಕಟ್ಟಿಸುತ್ತೇನೆ.

ಕೊಳ್ಳುವವರಿಗೆ ಫೋನ್ ಮಾಡಿ ಭಾನುವಾರ ಬೇಡ ಅಂದೆ. ಮೊದಲು ಸಿಟ್ಟಾದರು. ಲೈಸೆನ್ಸ್ ವಿಷಯ ಹೇಳಿದ ಮೇಲೆ "ನಮ್ಮ ಆಡಿಟರ್ ಹತ್ತಿರ ಮಾತಾಡುತ್ತೇವೆ" ಅಂದಿದ್ದಾರೆ. ಮೇಷ್ಟ್ರು ಈಗ ಶಿವಮೊಗ್ಗದಲ್ಲಿ ಇದ್ದಾರಂತೆ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ನಾನೂ ಮಾವನೂ ಹೊರಟಿದ್ದೇವೆ. ಒಂದು ಕೆ.ಜಿ. ರಾಶಿ ಇಡಿ ತಗೊಂಡು ಹೋಗೋಣ ಅಂತ ಮಾವ ಅಡಿಕೆ ಆರಿಸುತ್ತಾ ಕೂತಿದ್ದಾರೆ.